ನಕ್ಷತ್ರಿಕನಿಗೆ ಆರು ಪುಟ ಯಾಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ಕಂಪನಿ ನಾಟಕದಿಂದ ಸಿನಿಮಾಕ್ಕೆ ಬಂದ ಹಾಸ್ಯನಟ ನರಸಿಂಹರಾಜು ಅವರಿಗೆ ಆರು ಪುಟ ಕೊಟ್ಟಿದ್ದೀರಿ. ಕಂಪನಿ ನಾಟಕದವರದು ಬರೀ ಕೂಗಾಟ, ಮುಖ ಕಿವುಚಾಟ. ಸಿನಿಮಾಕ್ಕೆ ಬೇಕಾದ ಸಹಜತೆ ಅಲ್ಲೆಲ್ಲಿದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸ್ವಾಮಿ, ನಿಮ್ಮ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಲೆಂದು ಬೆಳೆಸಿಕೊಂಡ ಗಂಟಲನ್ನು ಕೆಲವರು ಕ್ಯಾಮೆರಾ ಮುಂದೆಯೂ ತಗ್ಗಿಸಲಿಲ್ಲ. ಒಪ್ಪಿದೆ. ಅಷ್ಟಕ್ಕೇ ಕಂಪನಿಗಳನ್ನೆಲ್ಲ ಗುಡಿಸಿ ಆಚೆ ಹಾಕಿದರೆ ಕನ್ನಡ ಸಿನಿಮಾದಲ್ಲಿ ಉಳಿಯುವವರು ಯಾರು? 1954ರ ಸಿನಿಮಾ ‘ಬೇಡರ ಕಣ್ಣಪ್ಪ’ ಮೂಲತಃ ಗುಬ್ಬಿ ಕಂಪನಿಯ ನಾಟಕವೇ ತಾನೆ? ರಾಜಕುಮಾರ್ ಅದರಲ್ಲೇ ನಾಯಕರಾದರು, ನರಸಿಂಹರಾಜು ತೆರೆಗೆ ಬಂದದ್ದೂ ಅದರಲ್ಲೇ. ಇಬ್ಬರೂ ಗುಬ್ಬಿ ವೀರಣ್ಣನವರ ಗರಡಿಯವರು. ಆ ವೀರಣ್ಣನವರೂ ಮೂಲತಃ ಹಾಸ್ಯಗಾರರೇ, ಮರೆಯಬೇಡಿ.

ತಿಪಟೂರಿನ ಹುಡುಗ ನರಸಿಂಹರಾಜು ನಾಲ್ಕನೆಯ ವಯಸ್ಸಿಗೇ ಬಣ್ಣ ಹಚ್ಚಿದವರು. ಪ್ರಹ್ಲಾದ, ಲೋಹಿತಾಶ್ವನ ವೇಷಗಳಲ್ಲೇ ಬೆಳೆದರು. ಕಂಪನಿಯಲ್ಲಿ ಹಾಸ್ಯಗಾರನ ಪಾಡು ಏನೆಂದು ಬಲ್ಲಿರಾ? ಹಿಂದೆ ದರ್ಬಾರಿನ ಸೆಟ್ಟು ಕೂಡಿಸುವ ತನಕ ಮುಂದೆ ಬೀದಿಯ ಪರದೆ ಇಳಿಬಿಟ್ಟು ಅವನನ್ನು ಜನರೆದುರಿಗೆ ನೂಕುತ್ತಿದ್ದರು. ಸಿಂಹಾಸನ ಬೇಗ ಸಿದ್ಧವಾದರೆ ಮಾತು ಮೊಟಕು, ತಡವಾದರೆ ಅದೇ ಮಾತನ್ನು ಎಳೆಯಬೇಕು. ಜನ ಮಾತ್ರ ಆಕಳಿಸಬಾರದು. ಯಾವ ಮಾತಿಗೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ರಾತ್ರಿ ರಾತ್ರಿ ಪ್ರೇಕ್ಷಕನೇ ತಿದ್ದುತ್ತಿದ್ದ. ನೀವು ಸಹಜತೆ ಎನ್ನುತ್ತೀರಲ್ಲ, ಅದು ಹೀಗೆ ಬಂದದ್ದು.

1965ರ ‘ಸತ್ಯ ಹರಿಶ್ಚಂದ್ರ’ವನ್ನು ಇನ್ನೊಮ್ಮೆ ನೋಡಿ. ವಿಶ್ವಾಮಿತ್ರನ ಶಿಷ್ಯ ನಕ್ಷತ್ರಿಕ ರಾಘವಾಂಕನ ಕಾವ್ಯದಿಂದಲೂ ನಮ್ಮನ್ನು ಕಾಡುತ್ತ ಬಂದವನು. ಸಾಲ ವಸೂಲಿಗೆ ಬಂದು ಬೆನ್ನು ಬಿಡದವನ ಮೇಲೆ ಸಿಟ್ಟು ಬರಬೇಕು. ನರಸಿಂಹರಾಜು ಆ ಕಡ್ಡಿ ಮೈ, ಉಬ್ಬು ಹಲ್ಲು, ಅಗಲ ಕಣ್ಣುಗಳಲ್ಲಿ ಸಿಟ್ಟನ್ನೂ ನಗುವನ್ನೂ ಒಟ್ಟಿಗೇ ಬರಿಸುತ್ತಾರೆ. ಪಕ್ಕದಲ್ಲಿ ಹರಿಶ್ಚಂದ್ರನಾಗಿ ರಾಜಕುಮಾರ್ ಗಂಭೀರವಾಗಿ ನಿಂತಿದ್ದಾರೆ. ಅವರ ಸಂಕಟ ಒಂದು ಗುಲಗಂಜಿಯಷ್ಟೂ ಹಗುರಾಗುವುದಿಲ್ಲ. ಕಿವುಚಾಟದಿಂದ ಇದು ಆಗುವ ಕೆಲಸವೇ?

ನಗಿಸಿದ್ದಷ್ಟೇ ಅಲ್ಲ. ಸಿನಿಮಾ ಸಿಗದೆ ಕಲಾವಿದರು ಕೈಕಟ್ಟಿ ಕೂತಿದ್ದಾಗ ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಅವರೊಂದಿಗೆ ಸೇರಿ ‘ರಣಧೀರ ಕಂಠೀರವ’ (1960) ನಿರ್ಮಿಸಿದವರಲ್ಲಿ ಇವರೂ ಒಬ್ಬರು. ಸ್ವಂತಕ್ಕೆ ‘ಪ್ರೊಫೆಸರ್ ಹುಚ್ಚೂರಾಯ’ (1974) ತೆಗೆದರು. 1979ರಲ್ಲಿ ತೀರಿಕೊಂಡಾಗ ಅರವತ್ತೂ ಆಗಿರಲಿಲ್ಲ.

ಈಗಿನವರ ತಾಲೀಮು ಜಿಮ್ಮಿನಲ್ಲಿ. ತೋಳು ಹುರಿಗಟ್ಟಿದೆ, ನಾಲಗೆ ಹೊರಳುವುದಿಲ್ಲ. ‘ಹ’ಕಾರ ಬಂದರೆ ಡಬ್ಬಿಂಗ್‌ನವರು ಕಾಪಾಡಬೇಕು. ಅವರ ಹುಟ್ಟುಹಬ್ಬಕ್ಕೆ ಊರೆತ್ತರದ ಕಟೌಟು, ಹಾಲಿನ ಅಭಿಷೇಕ. ಹಳಬರದ್ದೋ? ತೆರೆಕಂಡ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ದ (1934) ಒಂದು ಪ್ರಿಂಟನ್ನೂ ನಾವು ಉಳಿಸಿಕೊಂಡಿಲ್ಲ. ಅದರ ನಾಯಕ ಸುಬ್ಬಯ್ಯ ನಾಯ್ಡು ಅವರೂ ರಂಗಭೂಮಿಯವರೇ. ಅವರ ನಟನೆ ಸಹಜವಾಗಿತ್ತೋ ಕೂಗಾಟವೋ ಎಂದು ನೀವೂ ನಾನೂ ಜಗಳವಾಡಲಿಕ್ಕೂ ಈಗ ದಾರಿಯಿಲ್ಲ.

ಆರು ಪುಟ ಹೆಚ್ಚಾಯಿತೆಂದಿರಿ. ಮುಂದಿನ ಸಂಚಿಕೆಯಲ್ಲಿ ಬಾಲಕೃಷ್ಣ ಬರುತ್ತಿದ್ದಾರೆ, ಎಂಟು ಪುಟ. ಪತ್ರ ಬರೆಯಿರಿ, ಹಾಕುತ್ತೇನೆ.
– ಸಂ.