ಹಳೆಯ ಓಷನ್ ಲೈನರ್‌ಗಳ ಮೇಲೆ ಜನರಿಗೆ ಇಷ್ಟು ಮೋಹ ಏಕೆ? ನಮ್ಮ ದೇಶಕ್ಕೂ ಅವಕ್ಕೂ ನಂಟಿತ್ತೇ?

ಈಗಿನ ದೊಡ್ಡ ಕ್ರೂಸ್ ಹಡಗುಗಳು ಟೈಟಾನಿಕ್‌ಗಿಂತ ನಾಲ್ಕೈದು ಪಟ್ಟು ದೊಡ್ಡವು, ಸೌಲಭ್ಯವೂ ಹೆಚ್ಚು. ಹಾಗಿದ್ದೂ ಹಳೆಯ ಲೈನರ್‌ಗಳನ್ನು ನೆನೆದು ಜನ ಹಂಬಲಿಸುವುದೇಕೆ, ಇದು ಬರೀ ಇಂಗ್ಲೆಂಡ್ ಅಮೆರಿಕಗಳ ಕತೆಯೇ ಎಂದು ಕೇಳಿದ್ದೀರಿ. ಬಹಳ ವರ್ಷಗಳಿಂದ ಈ ಹಡಗುಗಳ ಹಳೆಯ ವೇಳಾಪಟ್ಟಿ, ಊಟದ ಮೆನು, ಪೆಟ್ಟಿಗೆಗೆ ಅಂಟಿಸುತ್ತಿದ್ದ ಚೀಟಿಗಳನ್ನು ಹುಡುಕಿ ಕೂಡಿಡುತ್ತಾ ಬಂದಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ವ್ಯತ್ಯಾಸ. ಕ್ರೂಸ್ ಹಡಗು ಸಾಮಾನ್ಯವಾಗಿ ನಾಲ್ಕು ಊರು ಸುತ್ತಿ ಹೊರಟಲ್ಲಿಗೇ ಮರಳುತ್ತದೆ. ಅದರಲ್ಲಿ ಕೂತು ಕಾಲ ಕಳೆಯುವುದೇ ಪ್ರವಾಸ. ಲೈನರ್ ಒಂದು ದಡದಿಂದ ಇನ್ನೊಂದು ದಡಕ್ಕೆ, ಹೇಳಿದ ದಿನಕ್ಕೆ ಹೋಗಿ ಮುಟ್ಟಲೇಬೇಕು. ಬಿರುಗಾಳಿ ಬಂತೆಂದು ದಾರಿ ಬಿಟ್ಟು ಸುತ್ತಿಕೊಂಡು ಹೋಗುವಷ್ಟು ಸಮಯ ಅದಕ್ಕಿಲ್ಲ. ಆದ್ದರಿಂದ ಅದರ ಮೂತಿ ಉದ್ದ ಮತ್ತು ಚೂಪು, ತಳ ಆಳ, ಉಕ್ಕಿನ ಹೊದಿಕೆ ದಪ್ಪ. ವೇಗವೂ ಬೇರೆಯೇ. ಕ್ರೂಸ್ ಹಡಗುಗಳಿಗೆ ಇಪ್ಪತ್ತು ಇಪ್ಪತ್ತೆರಡು ನಾಟ್ ಸಾಕು (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). 1952ರಲ್ಲಿ ಯುನೈಟೆಡ್ ಸ್ಟೇಟ್ಸ್ ಎಂಬ ಲೈನರ್ ತನ್ನ ಮೊದಲ ಯಾನದಲ್ಲೇ 35 ನಾಟ್‌ಗಿಂತ ಹೆಚ್ಚಿನ ಸರಾಸರಿಯಲ್ಲಿ ಅಟ್ಲಾಂಟಿಕ್ ದಾಟಿ, 3 ದಿನ 10 ಗಂಟೆ 40 ನಿಮಿಷದ ದಾಖಲೆ ಬರೆಯಿತು. 1995ರಲ್ಲಿ ಕ್ವೀನ್ ಎಲಿಜಬೆತ್ 2 ಅಟ್ಲಾಂಟಿಕ್‌ನಲ್ಲಿ ಸುಮಾರು 29 ಮೀಟರ್ ಎತ್ತರದ ಒಂಟಿ ಅಲೆಗೆ ಎದುರಾಯಿತು. ಒಂಬತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರದ ನೀರು. ಅದನ್ನು ಎದುರಿಸಿಯೂ ಆ ಹಡಗು ನ್ಯೂಯಾರ್ಕ್ ಮುಟ್ಟಿತು. ಲೈನರ್ ಕಟ್ಟುವವರು ಯೋಚಿಸುತ್ತಿದ್ದದ್ದು ಇಂಥ ದಿನಕ್ಕಾಗಿ. ಅವುಗಳನ್ನು ನೋಡಿದರೆ ಈಗಲೂ ನನಗೆ ಗೌರವ ಹುಟ್ಟುವುದು ಈ ಕಾರಣಕ್ಕೇ, ಗೊಂಚಲು ದೀಪಗಳಿಗಾಗಿ ಅಲ್ಲ.

ವೈಭವ ಇತ್ತು, ನಿಜ. ಆದರೆ ಅದರ ಖರ್ಚನ್ನು ಬಹುಮಟ್ಟಿಗೆ ಹೊತ್ತವರು ಕೆಳಗಿನ ದರ್ಜೆಯಲ್ಲಿ ಒತ್ತಾಗಿ ಹೊರಟ ವಲಸಿಗರು ಮತ್ತು ಸರ್ಕಾರದ ಟಪಾಲು ಗುತ್ತಿಗೆಗಳು. 1920ರ ದಶಕದಲ್ಲಿ ಅಮೆರಿಕ ವಲಸೆಗೆ ಮಿತಿ ಹಾಕಿದಾಗ ಅಟ್ಲಾಂಟಿಕ್ ಕಂಪನಿಗಳು ತತ್ತರಿಸಿ, ಅದೇ ಕೆಳದರ್ಜೆಗೆ ಸುಣ್ಣಬಣ್ಣ ಬಳಿದು ಪ್ರವಾಸಿಗರನ್ನು ಕರೆಯತೊಡಗಿದವು.

ಈಗ ನಮ್ಮ ಕಡೆಗೆ ಬರೋಣ. ಭಾರತದ ಮಟ್ಟಿಗೆ ಈ ಕತೆಯ ಬಾಗಿಲು ಮುಂಬಯಿ, ಮುಖ್ಯ ಕಂಪನಿ ಬ್ರಿಟನ್ನಿನ ಪಿ ಅಂಡ್ ಓ. 1842ರಲ್ಲಿ ಅದರ ಹಿಂದೂಸ್ತಾನ್ ಎಂಬ ಉಗಿಹಡಗು ಆಫ್ರಿಕಾದ ತುದಿ ಬಳಸಿ ಕಲ್ಕತ್ತೆಗೆ ಬಂದು, ಕಲ್ಕತ್ತೆ ಮತ್ತು ಈಜಿಪ್ಟಿನ ಸೂಯೆಜ್ ನಡುವೆ ಓಡಾಡತೊಡಗಿತು. ಆಗಿನ್ನೂ ಸೂಯೆಜ್ ಕಾಲುವೆ ಇಲ್ಲ. ಇಂಗ್ಲೆಂಡಿನಿಂದ ಹೊರಟವರು ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ನೈಲ್ ನದಿಯಲ್ಲಿ ಕೈರೋವರೆಗೆ ಬಂದು, ಅಲ್ಲಿಂದ ಮರಳುಗಾಡನ್ನು ಗಾಡಿಯಲ್ಲಿ ದಾಟಿ ಸೂಯೆಜ್‌ನಲ್ಲಿ ಮತ್ತೆ ಹಡಗು ಹತ್ತಬೇಕಿತ್ತು. 1869ರ ನವೆಂಬರ್ 17ರಂದು ಕಾಲುವೆ ತೆರೆದ ಮೇಲೆ ಲಂಡನ್ನಿನಿಂದ ಮುಂಬಯಿಗೆ ಒಂದೇ ಹಡಗಿನಲ್ಲಿ ಬರುವಂತಾಯಿತು. ಆಫ್ರಿಕಾ ಬಳಸುವುದಕ್ಕಿಂತ ಏಳೆಂಟು ಸಾವಿರ ಕಿಲೋಮೀಟರ್ ಉಳಿತಾಯ. 1930ರ ಹೊತ್ತಿಗೆ ಆ ಪ್ರಯಾಣ ಸುಮಾರು ಎರಡೂವರೆ ಮೂರು ವಾರಕ್ಕೆ ಬಂದಿತ್ತು. ಅವಸರದವರು ಲಂಡನ್ನಿನಿಂದ ಮಾರ್ಸೇಲ್ಸ್‌ವರೆಗೆ ರೈಲಿನಲ್ಲಿ ಬಂದು ಅಲ್ಲಿ ಹಡಗು ಹಿಡಿಯುತ್ತಿದ್ದರು. ಇನ್ನೂ ಕೆಲವು ದಿನ ಉಳಿಯುತ್ತಿತ್ತು. ಮುಂಬಯಿಯ ಬಲ್ಲಾರ್ಡ್ ಪಿಯರ್‌ನಲ್ಲಿ ಹಡಗಿನಿಂದ ಇಳಿದರೆ ಕಟ್ಟೆಯ ಮೇಲೆಯೇ ರೈಲು ನಿಲ್ದಾಣ. 1928ರಲ್ಲಿ ಶುರುವಾದ ಫ್ರಾಂಟಿಯರ್ ಮೇಲ್‌ನಂಥ ಗಾಡಿಗಳು ವಿಲಾಯಿತಿಯ ಟಪಾಲು ಮತ್ತು ಸಾಹೇಬರನ್ನು ಹತ್ತಿಸಿಕೊಂಡು ಪೇಶಾವರದ ಕಡೆ ಹೊರಡುತ್ತಿದ್ದವು.

ಪೆಟ್ಟಿಗೆಗಳ ವಿಷಯ ನನಗೆ ಬಹಳ ಇಷ್ಟವಾದದ್ದು. ಒಂದು ಚೀಟಿ ‘ಕ್ಯಾಬಿನ್’ ಎನ್ನುತ್ತದೆ, ಇನ್ನೊಂದು ‘ಪ್ರಯಾಣದಲ್ಲಿ ಬೇಕು’, ಮತ್ತೊಂದು ‘ಪ್ರಯಾಣದಲ್ಲಿ ಬೇಡ’. ಮೂರನೆಯ ಚೀಟಿಯ ಪೆಟ್ಟಿಗೆ ಹಡಗಿನ ಹೊಟ್ಟೆಯೊಳಗೆ ಹೋದರೆ ಮತ್ತೆ ಕಾಣುವುದು ಊರು ಮುಟ್ಟಿದ ಮೇಲೆಯೇ. ವರ್ಷಗಟ್ಟಲೆ ಪರದೇಶದಲ್ಲಿ ಇರಲು ಹೊರಟವನ ಇಡೀ ಸಂಸಾರ ಹೀಗೆ ಮೂರು ಪಾಲಾಗುತ್ತಿತ್ತು. ಡಾ. ಅಂಬೇಡ್ಕರ್ 1917ರಲ್ಲಿ ಲಂಡನ್ನಿನಿಂದ ಮರಳುವಾಗ ಅವರ ಪುಸ್ತಕಗಳು ಬೇರೆ ಹಡಗಿನಲ್ಲಿ ಬರುತ್ತಿದ್ದವು. ಆ ಹಡಗು ಟಾರ್ಪಿಡೊ ತಗುಲಿ ಮುಳುಗಿತು. ಹೊಟ್ಟೆಬಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಅವು. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗಾಂಧೀಜಿ ಎರಡನೆಯ ದುಂಡುಮೇಜಿನ ಪರಿಷತ್ತಿಗೆ ಹೊರಟದ್ದು 1931ರ ಆಗಸ್ಟ್ 29ರಂದು, ಪಿ ಅಂಡ್ ಓ ಕಂಪನಿಯ ರಾಜಪುತಾನಾ ಹಡಗಿನಲ್ಲಿ, ಎರಡನೆಯ ದರ್ಜೆಯಲ್ಲಿ. ಜೊತೆಗಿದ್ದವರು ಹೊತ್ತು ತಂದ ಪೆಟ್ಟಿಗೆಗಳ ರಾಶಿ ಕಂಡು ಅವರಿಗೆ ಸಿಟ್ಟು ಬಂತು. ಬೇಡದ್ದನ್ನೆಲ್ಲ ಏಡನ್‌ನಿಂದಲೇ ಮುಂಬಯಿಗೆ ವಾಪಸು ಕಳಿಸಿದರು. ಹೆಚ್ಚಿನ ಹೊತ್ತು ಡೆಕ್ ಮೇಲೆಯೇ, ಪ್ರಾರ್ಥನೆಯೂ ಅಲ್ಲೇ. ಇದಕ್ಕೂ ಮೊದಲು, 1909ರ ನವೆಂಬರ್‌ನಲ್ಲಿ, ಲಂಡನ್ನಿನಿಂದ ದಕ್ಷಿಣ ಆಫ್ರಿಕಾಕ್ಕೆ ಮರಳುವಾಗ ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ ಅವರು ‘ಹಿಂದ್ ಸ್ವರಾಜ್’ ಬರೆದು ಮುಗಿಸಿದ್ದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು.

ಸಿ.ವಿ. ರಾಮನ್ ಅವರದು ಇನ್ನೂ ಸ್ವಾರಸ್ಯದ ವಿಷಯ. 1921ರಲ್ಲಿ ಇಂಗ್ಲೆಂಡಿನಿಂದ ಮರಳುವಾಗ ನರ್ಕುಂಡಾ ಎಂಬ ಹಡಗಿನ ಡೆಕ್‌ನಿಂದ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಪರೀಕ್ಷಿಸಿದರು. ಕಡಲಿನ ನೀಲಿ ಎಂದರೆ ಆಕಾಶದ ಪ್ರತಿಬಿಂಬ ಎಂದು ಲಾರ್ಡ್ ರೇಲಿ ಹೇಳಿದ್ದರು. ರಾಮನ್ ಬಳಿ ಒಂದು ನಿಕೋಲ್ ಪ್ರಿಸಂ ಇತ್ತು. ಅದನ್ನು ಸರಿಯಾದ ಕೋನದಲ್ಲಿ ಹಿಡಿದು ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ಅಡಗಿಸಿ ನೋಡಿದರೆ ನೀಲಿ ಮಾಸಲಿಲ್ಲ, ಇನ್ನಷ್ಟು ಗಾಢವಾಯಿತು. ಹಾಗಾದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ವಾದಿಸಿ, ಹಡಗು ಮುಂಬಯಿ ಬಂದರಿನಲ್ಲಿದ್ದಾಗಲೇ ‘ನೇಚರ್’ ಪತ್ರಿಕೆಗೆ ಬರೆದರು. ಅಲ್ಲಿಂದ ಹಿಡಿದ ಜಾಡೇ 1928ರ ರಾಮನ್ ಪರಿಣಾಮಕ್ಕೆ ಮುಟ್ಟಿಸಿತು. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ರಾಮನ್ 1930ರಲ್ಲಿ ನೊಬೆಲ್ ಘೋಷಣೆಯಾಗುವುದಕ್ಕೆ ತಿಂಗಳುಗಳ ಮುಂಚೆಯೇ ಹಡಗಿನ ಟಿಕೆಟ್ ಕಾಯ್ದಿರಿಸಿದ್ದರೆಂಬುದನ್ನು ಅವರ ಆತ್ಮವಿಶ್ವಾಸಕ್ಕೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ. ಲೆಕ್ಕವನ್ನೂ ನೋಡಿ: ಘೋಷಣೆ ನವೆಂಬರ್‌ನಲ್ಲಿ, ಸಮಾರಂಭ ಡಿಸೆಂಬರ್ 10ಕ್ಕೆ. ಸುದ್ದಿ ಬಂದ ಮೇಲೆ ಟಿಕೆಟ್ ಹುಡುಕುತ್ತಾ ಕೂತಿದ್ದರೆ ಸ್ಟಾಕ್‌ಹೋಮ್ ಸೇರುವುದೇ ಕಷ್ಟವಾಗುತ್ತಿತ್ತು.

ನೀವು ಕೇಳಿದ ಮೋಹದ ತಿರುಳು ನನ್ನ ಮಟ್ಟಿಗೆ ಇಲ್ಲಿದೆ. ಹಡಗು ಹತ್ತಿದವನಿಗೆ ಎರಡು ಮೂರು ವಾರ ಯಾರ ಕೆಲಸವೂ ಇಲ್ಲ, ತಪ್ಪಿಸಿಕೊಂಡು ಹೋಗಲು ಜಾಗವೂ ಇಲ್ಲ. ಬಿಟ್ಟು ಬಂದ ಊರು ದಿನದಿನಕ್ಕೆ ಹಿಂದೆ ಸರಿಯುತ್ತದೆ, ಸೇರುವ ಊರು ಮೆಲ್ಲಗೆ ಹತ್ತಿರವಾಗುತ್ತದೆ. ಪೋರ್ಟ್ ಸೈದ್‌ನಲ್ಲಿ ಕಲ್ಲಿದ್ದಲು ತುಂಬುವ ದೂಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿ ಪ್ರಯಾಣಿಕರು ಪೇಟೆಗೆ ಇಳಿಯುತ್ತಿದ್ದರು. ಕೆಂಪು ಸಮುದ್ರದ ಸೆಕೆಗೆ ರಾತ್ರಿ ಹಾಸಿಗೆ ಡೆಕ್ ಮೇಲೆ ಬರುತ್ತಿತ್ತು. ಏಡನ್ ದಾಟಿದರೆ ನಮ್ಮ ಮಳೆಗಾಲದ ಕಡಲು. ದೂರ ಎನ್ನುವುದು ಮೈಗೆ ತಿಳಿಯುತ್ತಿತ್ತು. ವಿಮಾನದಲ್ಲಿ ನಿದ್ದೆಯಿಂದೆದ್ದು ಇನ್ನೊಂದು ಖಂಡದಲ್ಲಿ ಇಳಿಯುವ ನಮಗೆ ಆ ನಡುವಿನ ಕಾಲವೇ ಇಲ್ಲ. ಜನ ಹಂಬಲಿಸುವುದು ಅದಕ್ಕೆ ಎಂದು ನಾನು ನಂಬಿದ್ದೇನೆ.

ಆದರೆ ಈ ಹಂಬಲದಲ್ಲಿ ಒಂದು ದೊಡ್ಡ ಕೊರತೆ ಇದೆ, ಅದನ್ನು ಹೇಳದೆ ಈ ಉತ್ತರ ಮುಗಿಸಲಾರೆ. ಪಿ ಅಂಡ್ ಓ ಹಡಗುಗಳನ್ನು ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ನಮ್ಮವರೇ. ಡೆಕ್ ಕೆಲಸದ ಖಲಾಸಿಗಳು ಗುಜರಾತ್, ರತ್ನಾಗಿರಿ ಕಡೆಯವರು. ಬಾಯ್ಲರ್‌ಗೆ ಕಲ್ಲಿದ್ದಲು ಎಸೆಯುತ್ತಿದ್ದವರು ಪಂಜಾಬ್ ಮತ್ತು ವಾಯವ್ಯ ಗಡಿ ಸೀಮೆಯವರು. ಊಟ ಬಡಿಸಿ ಕ್ಯಾಬಿನ್ ನೋಡಿಕೊಳ್ಳುತ್ತಿದ್ದವರು ಗೋವಾದ ಕ್ರೈಸ್ತರು. ಮೊದಲ ಮಹಾಯುದ್ಧ ಶುರುವಾಗುವ ಹೊತ್ತಿಗೆ ಬ್ರಿಟಿಷ್ ಹಡಗುಗಳಲ್ಲಿ ಲಸ್ಕರರು ಎಂದು ಕರೆಯುತ್ತಿದ್ದ ಇಂಥ ನಾವಿಕರು ಸುಮಾರು 50,000 ಇದ್ದರು. ಸಂಬಳ ಬಿಳಿಯ ನಾವಿಕರ ಮೂರನೆಯ ಒಂದು ಪಾಲು, ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ. ಮಲಗಲು ಕೊಡಬೇಕಾದ ಜಾಗವನ್ನು ಕಾಯಿದೆಯೇ ಕಡಿಮೆ ನಿಗದಿ ಮಾಡಿತ್ತು. ಮುಂಬಯಿಯ ಧೋಬಿ ತಲಾವ್ ಸುತ್ತಮುತ್ತ ಗೋವಾದ ಒಂದೊಂದು ಹಳ್ಳಿಯವರು ಒಂದೊಂದು ‘ಕೂಡ್’, ಎಂದರೆ ತಂಗುವ ಮನೆ, ನಡೆಸುತ್ತಿದ್ದರು. ಮುಂದಿನ ಹಡಗಿಗೆ ಹೆಸರು ಬರುವವರೆಗೆ ಅಲ್ಲಿ ಕಾಯುವುದು. ಮೊದಲ ದರ್ಜೆಯ ನೃತ್ಯದ ಫೋಟೋಗಳನ್ನು ಮೆಚ್ಚುವವರು ಅದರ ಕೆಳಗಿನ ಅಂತಸ್ತುಗಳಲ್ಲಿ ಉರಿಯ ಎದುರು ನಿಂತವರನ್ನೂ ನೆನೆಯಬೇಕೆಂದು ನನ್ನ ಆಸೆ.

ಆ ಹಡಗುಗಳ ಕೊನೆ ಹೇಗಾಯಿತೆಂದರೆ, ಹಲವು ಎರಡನೆಯ ಮಹಾಯುದ್ಧದಲ್ಲಿ ಹೋದವು. ಗಾಂಧೀಜಿ ಹೋದ ರಾಜಪುತಾನಾಕ್ಕೆ ತೋಪು ಕೂಡಿಸಿ ಯುದ್ಧಕ್ಕೆ ಇಳಿಸಿದರು. 1941ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡ್ ಬಳಿ ಜರ್ಮನ್ ಸಬ್‌ಮರೀನ್ ಅದನ್ನು ಮುಳುಗಿಸಿತು. ಅದರ ಜೊತೆಯ ಹಡಗು ರಾವಲ್ಪಿಂಡಿ 1939ರ ನವೆಂಬರ್‌ನಲ್ಲೇ ಜರ್ಮನಿಯ ಎರಡು ದೊಡ್ಡ ಯುದ್ಧನೌಕೆಗಳಿಗೆ ಒಂಟಿಯಾಗಿ ಎದುರು ನಿಂತು ಮುಳುಗಿತ್ತು. 1929ರ ವೈಸ್‌ರಾಯ್ ಆಫ್ ಇಂಡಿಯಾ ಪಿ ಅಂಡ್ ಓ ಕಂಪನಿಯ ಹೆಮ್ಮೆ. ಉಗಿಯಿಂದ ವಿದ್ಯುತ್ ಮಾಡಿ ಅದರಿಂದ ಓಡುತ್ತಿದ್ದ ಹಡಗು, ಒಳಗೇ ಈಜುಕೊಳ, ಮೊದಲ ದರ್ಜೆಯಲ್ಲಿ ಒಬ್ಬರಿಗೊಂದು ಕ್ಯಾಬಿನ್. ಅದರ ಒಳಾಂಗಣ ರೂಪಿಸಿದ ಎಲ್ಸಿ ಮೆಕೇ ಕಂಪನಿಯ ಅಧ್ಯಕ್ಷರ ಮಗಳು, ವಿಮಾನ ನಡೆಸುತ್ತಿದ್ದಾಕೆ. 1928ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಮೇಲೆ ಹಾರಲು ಹೋಗಿ ಕಾಣೆಯಾದರು, ಹಡಗಿನ ಮೊದಲ ಯಾನವನ್ನು ನೋಡಲಿಲ್ಲ. 1942ರ ನವೆಂಬರ್ 11ರಂದು ವೈಸ್‌ರಾಯ್, 14ರಂದು ನರ್ಕುಂಡಾ, ಎರಡೂ ಅಲ್ಜೀರಿಯಾದ ಹತ್ತಿರ ಮುಳುಗಿದವು. ರಾಮನ್ ಪ್ರಿಸಂ ಹಿಡಿದು ನೋಡಿದ ಅದೇ ಮೆಡಿಟರೇನಿಯನ್‌ನಲ್ಲಿ.

ಉಳಿದವು ಯುದ್ಧದ ಮೇಲೂ ಇಪ್ಪತ್ತು ವರ್ಷ ಓಡಿದವು. 1948ರ ಜೂನ್ 8ರಂದು ಏರ್ ಇಂಡಿಯಾದ ಮಲಬಾರ್ ಪ್ರಿನ್ಸೆಸ್ ಲಂಡನ್ನಿಗೆ ಹಾರಿದ ಮೇಲೂ ವಿಮಾನದ ದರ ಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ. 1950ರ ದಶಕದಲ್ಲಿ ಯುರೋಪಿಗೆ ಓದಲು ಹೋದ ನಮ್ಮವರಲ್ಲಿ ಎಷ್ಟೋ ಮಂದಿ ಆಂಕರ್ ಲೈನ್‌ನ ಹಡಗುಗಳಲ್ಲಿ, ಪೋಲೆಂಡಿನ ಬಾತೊರಿಯಲ್ಲಿ, ಇಟಲಿಯ ಏಷಿಯಾ ಮತ್ತು ವಿಕ್ಟೋರಿಯಾಗಳಲ್ಲಿ ಹೋದವರು. ನಿಮ್ಮ ಕುಟುಂಬದ ಹಿರಿಯರಲ್ಲಿ ಅಂಥವರಿದ್ದರೆ ದಯವಿಟ್ಟು ಕೂತು ಕೇಳಿ, ಬರೆದಿಟ್ಟುಕೊಳ್ಳಿ. ಹೇಳಬಲ್ಲವರು ಈಗ ಬಹಳ ಕಡಿಮೆ. 1967ರ ಅರಬ್-ಇಸ್ರೇಲ್ ಯುದ್ಧದಲ್ಲಿ ಸೂಯೆಜ್ ಕಾಲುವೆ ಮುಚ್ಚಿ 1975ರವರೆಗೆ ತೆರೆಯಲೇ ಇಲ್ಲ. ಅಷ್ಟರೊಳಗೆ ಜೆಟ್ ವಿಮಾನಗಳು ಬಂದು, ಮುಂಬಯಿ ದಾರಿಯ ಲೈನರ್‌ಗಳ ಕಾಲ ಮುಗಿದೇ ಹೋಯಿತು.

ಅಟ್ಲಾಂಟಿಕ್‌ನ ಒಂದು ದೊಡ್ಡ ಲೈನರ್ ಕೊನೆಗೆ ಬಂದು ಸೇರಿದ್ದೂ ನಮ್ಮ ದಡಕ್ಕೇ. 1960ರಲ್ಲಿ ಫ್ರಾನ್ಸ್ ದೇಶದ ಆಗಿನ ಅಧ್ಯಕ್ಷ ದ ಗಾಲ್ ಅವರ ಪತ್ನಿ ನೀರಿಗಿಳಿಸಿದ ‘ಫ್ರಾನ್ಸ್’, 316 ಮೀಟರ್ ಉದ್ದದ ಹಡಗು, ಆಮೇಲೆ ನಾರ್ವೆ ಎಂಬ ಹೆಸರಲ್ಲಿ ಕ್ರೂಸ್ ಹಡಗಾಗಿ ದುಡಿಯಿತು. 2003ರಲ್ಲಿ ಮಿಯಾಮಿಯಲ್ಲಿ ಬಾಯ್ಲರ್ ಸಿಡಿದು ಎಂಟು ಸಿಬ್ಬಂದಿ ಸತ್ತರು. 2006ರಲ್ಲಿ ಅದು ಗುಜರಾತಿನ ಅಲಂಗ್‌ಗೆ ಒಡೆಯಲು ಬಂತು. ಒಳಗಿದ್ದ, ಶ್ವಾಸಕೋಶ ಕೆಡಿಸುವ ಕಲ್ನಾರಿನ (ಆಸ್ಬೆಸ್ಟಾಸ್) ಕಾರಣಕ್ಕೆ ಸುಪ್ರೀಂ ಕೋರ್ಟ್‌ವರೆಗೆ ವ್ಯಾಜ್ಯ ನಡೆದು, 2007ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಮೂತಿಯ ತುದಿಯನ್ನು ಮಾತ್ರ ಕತ್ತರಿಸಿ ಪ್ಯಾರಿಸ್‌ಗೆ ಒಯ್ದು ಹರಾಜು ಹಾಕಿದರು. ಲೈನರ್‌ಗಳ ಮೇಲೆ ಪ್ರೀತಿ ಇದ್ದೂ ನಾನು ಆ ತಕರಾರಿನಲ್ಲಿ ಅಲಂಗ್‌ನ ಕಾರ್ಮಿಕರ ಶ್ವಾಸಕೋಶದ ಪರವೇ.

ನೋಡಬೇಕೆಂದಿದ್ದರೆ ದುಬೈಯಲ್ಲಿ ಕ್ವೀನ್ ಎಲಿಜಬೆತ್ 2 ಹೋಟೆಲ್ ಆಗಿ ನಿಂತಿದೆ. ನಮಗೆ ಅದೇ ಹತ್ತಿರದ್ದು. ಒಳಗಿನ ಅಲಂಕಾರಕ್ಕಿಂತ ಮೊದಲು ಕಟ್ಟೆಯ ಮೇಲೆ ನಿಂತು ಮೂತಿಯ ಗೆರೆ ನೋಡಿ. ಮುಂಬಯಿಗೆ ಹೋದರೆ ಬಲ್ಲಾರ್ಡ್ ಎಸ್ಟೇಟ್‌ನಲ್ಲಿ ನಡೆದಾಡಿ. ಅಲ್ಲಿಂದ ಮಸ್ಜಿದ್ ಬಂದರ್ ಕಡೆಗಿರುವ ನಾವಿಕರ ವಸತಿಗೃಹಕ್ಕೂ ಹೋಗಿ ಬನ್ನಿ. ಎರಡೂ ಮಹಾಯುದ್ಧಗಳಲ್ಲಿ ಕಡಲ ಪಾಲಾದ, ಸಮಾಧಿ ಇಲ್ಲದ ಭಾರತೀಯ ನಾವಿಕರ ಸ್ಮಾರಕ ಅಲ್ಲಿದೆ. ಎರಡನೆಯ ಯುದ್ಧದಲ್ಲಿ ಹಾಗೆ ಹೋದವರ ಹೆಸರಿನ ಪಟ್ಟಿಯ ಇನ್ನೊಂದು ಪ್ರತಿ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿದೆ. ಅದರಲ್ಲಿ ವ್ಯಾಪಾರಿ ಹಡಗುಗಳ ನಾವಿಕರೇ 6,000ಕ್ಕೂ ಹೆಚ್ಚು ಮಂದಿ.