ಶೆಟ್ರು ಬಂದರು, ಮಾಣಿ ಬಂದ

ಡೊಂಬಿವಲಿಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ನಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಹೋಟೆಲಿನಲ್ಲಿ ಬಡಿಸುವವರಿಗೆ ‘ಮಾಣಿ’, ಮನೆಗೆಲಸದವರಿಗೆ ‘ಕೆಲಸದ ಬಾಯಿ’, ಮತ್ತೆ ‘ಸಾಮಾನ್ಯ ಜನ’ ಅಂತೆಲ್ಲ ಬಂದದ್ದು ನಿಮಗೆ ಹಿಡಿಸಿಲ್ಲ. ಕುವೆಂಪು ಹಾಡಿದ ‘ಶ್ರೀಸಾಮಾನ್ಯ’ ಇರುವಾಗ ಇವೆಲ್ಲ ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವೇ. ಆದರೆ ಪದ ಬದಲಿಸಿದರೆ ಕೆಲಸ ಮುಗಿಯಿತು ಅಂತ ನನಗನಿಸುವುದಿಲ್ಲ.

‘ಬಾಯಿ’ಯನ್ನೇ ನೋಡಿ. ಮರಾಠಿಯಲ್ಲಿ ಅದು ಗೌರವದ ಮಾತು. ಅಹಲ್ಯಾಬಾಯಿ, ಲಕ್ಷ್ಮೀಬಾಯಿ. ಶಾಲೆಯಲ್ಲಿ ಟೀಚರನ್ನೂ ಮಕ್ಕಳು ‘ಬಾಯಿ’ ಅಂತಲೇ ಕರೆಯುತ್ತಿದ್ದರು. ಅದೇ ಮಾತು ನಮ್ಮ ಮುಂಬೈಯ ಬಿಲ್ಡಿಂಗುಗಳಿಗೆ ಬರುವಾಗ ‘ಇವತ್ತು ಬಾಯಿ ಕೈಕೊಟ್ಟಳು ಮಾರಾಯ್ರೆ’ ಆಯಿತು. ಪಾತ್ರೆ ತೊಳೆಯುವವರ ಮೇಲಿನ ತಾತ್ಸಾರ ಪದಕ್ಕೂ ಅಂಟಿಕೊಂಡಿತು, ಅಷ್ಟೆ. ಮಹಾರಾಷ್ಟ್ರ ಸರ್ಕಾರ 2008ರಲ್ಲಿ ಇವರಿಗಾಗಿ ಕಲ್ಯಾಣ ಮಂಡಳಿಯ ಕಾಯ್ದೆ ತಂದಾಗ ‘ಘರೇಲು ಕಾಮಗಾರ್’, ಅಂದರೆ ಮನೆಗೆಲಸದ ಕಾರ್ಮಿಕರು ಎಂದು ಕರೆಯಿತು. ಇಲ್ಲಿನ ಪರೇಲ್, ಲಾಲ್‌ಬಾಗಿನ ಬಟ್ಟೆ ಗಿರಣಿಯವರೂ ಕಾಮಗಾರರೇ ಆಗಿದ್ದರಲ್ವಾ, ಅದೇ ಹೆಸರು. ಸೊಸೈಟಿ ಮೀಟಿಂಗಿನಲ್ಲಿ ಯಾರಾದರೂ ಹಾಗೆ ಹೇಳಿದ್ದನ್ನು ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ.

‘ಮಾಣಿ’ಯ ಕತೆಯೂ ಇದೇ. ಕುಂದಾಪುರದ ಕಡೆ ಮನೆಯ ಹುಡುಗನನ್ನು ಮುದ್ದಿನಿಂದ ಕರೆಯುವ ಮಾತು. ಮಾಟುಂಗದ ಹೋಟೆಲಿನಲ್ಲಿ ತಲೆ ನರೆತರೂ ಮಾಣಿ ಮಾಣಿಯೇ.

ನನ್ನ ತಕರಾರು ಬೇರೆ. ಕನ್ನಡದಲ್ಲಿ ಮೇಲು ಕೀಳು ಅಡಗಿರುವುದು ಹೆಸರಿಗಿಂತ ಜಾಸ್ತಿ ಕ್ರಿಯಾಪದದ ಬಾಲದಲ್ಲಿ. ನಮಗೆ ಬರುವ ಹೋಟೆಲ್ ನೆನಪುಗಳನ್ನು ಓದಿ: ‘ಶೆಟ್ರು ಬಂದರು, ಗಲ್ಲಾದಲ್ಲಿ ಕೂತರು. ಮಾಣಿ ಬಂದ, ನೀರು ಇಟ್ಟ.’ ಇಬ್ಬರೂ ಒಂದೇ ಊರಿನವರು, ಒಂದೇ ವಯಸ್ಸಿನವರು ಇರಬಹುದು. ಬರೆದವರು ಅವಮಾನ ಮಾಡಬೇಕು ಅಂತ ಬರೆದದ್ದಲ್ಲ. ಕೈ ಸುಮ್ನೆ ಹಾಗೆ ಓಡುತ್ತದೆ. ಅಲ್ಲಿ ಮಾಣಿಯನ್ನು ತೆಗೆದು ‘ಶ್ರೀಸಾಮಾನ್ಯ ಬಂದ, ನೀರು ಇಟ್ಟ’ ಅಂತ ಹಾಕಿದರೆ ಅವನಿಗೆ ಸಿಕ್ಕಿದ್ದೇನು?

ಹಾಗಾಗಿ ಮುಂದಿನ ಸಂಚಿಕೆಯಿಂದ ಲೇಖನಗಳಲ್ಲಿ ಪ್ರಾಯಕ್ಕೆ ಬಂದ ಎಲ್ಲರೂ ‘ಬಂದರು’, ‘ಹೋದರು’. ವಾಚ್‌ಮನ್ ಕೂಡ, ಡಬ್ಬಾವಾಲಾ ಕೂಡ. ಕಳ್ಳರಿಗೂ ಹೀಗೇನಾ ಅಂತ ನಮ್ಮ ಉಪಸಂಪಾದಕರು ಕೇಳಿದರು. ಪುಣ್ಯಕ್ಕೆ ನಾವು ಕ್ರೈಂ ಸುದ್ದಿ ಹಾಕುವುದಿಲ್ಲ. ಕತೆಗಳನ್ನು ಮಾತ್ರ ಮುಟ್ಟುವುದಿಲ್ಲ. ಕತೆಯ ಧಣಿ ‘ಏ ಮಾಣಿ, ಬಾರೋ ಇಲ್ಲಿ’ ಅಂತ ಕೂಗುವವನಾದರೆ ಹಾಗೇ ಕೂಗಲಿ. ಅವನ ಬಾಯಲ್ಲಿ ‘ಬನ್ನಿ’ ಹಾಕಿದರೆ ಹೋಟೆಲಿನಲ್ಲಿ ದುಡಿದ ಯಾರೂ ನಂಬುವುದಿಲ್ಲ.

– ಸಂಪಾದಕ