ಬ್ಲೂ ಚೀಸಿಗಿಂತ ಮೊದಲು ಇಂಗಿನ ಡಬ್ಬಿ ನೋಡಿ

ಪ್ರಶ್ನೆ: ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾಗಿ ಎಂಟು ತಿಂಗಳಾಯಿತು. ಗೋಧಿ, ಮೈದಾ, ರವೆ ಅವಳ ತಟ್ಟೆಗೆ ಬರುವುದಿಲ್ಲ. ಮೊನ್ನೆ ತಮ್ಮ ಮಡಗಾಂವಿನಿಂದ ಬ್ಲೂ ಚೀಸ್ ತಂದ. ಅದರ ಬೂಷ್ಟನ್ನು ಬ್ರೆಡ್ಡಿನ ಮೇಲೆ ಬೆಳೆಸುತ್ತಾರಂತೆ. ಅವಳಿಗೆ ಕೊಡಬಹುದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಕೊಡಬಹುದು. ಮಗಳಿಗೆ ಆಗದಿರುವುದು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು. ಬ್ರೆಡ್ಡಿನ ಮಾತು ಸುಳ್ಳೇನಲ್ಲ. ನೀಲಿ ಗೆರೆ ಮೂಡಿಸುವ ಬೂಷ್ಟು ಪೆನಿಸಿಲಿಯಂ ರೋಕ್‌ಫೋರ್ಟಿ. ಫ್ರಾನ್ಸಿನ ರೋಕ್‌ಫೋರ್ ಚೀಸಿಗೆ ಇದನ್ನು ರೈ ಹಿಟ್ಟಿನ ಬ್ರೆಡ್ಡಿನಲ್ಲಿ ಬೆಳೆಸಿ, ಒಣಗಿಸಿ, ಪುಡಿ ಮಾಡಿ ಬಳಸುತ್ತಿದ್ದರು. ಆ ಪದ್ಧತಿ ಬಿಡದವರು ಈಗಲೂ ಇದ್ದಾರೆ. ಉಳಿದವರಲ್ಲಿ ಹೆಚ್ಚಿನವರದು ಪ್ರಯೋಗಾಲಯದಲ್ಲಿ ಬೆಳೆಸಿದ ಬೂಷ್ಟು. ಬ್ರೆಡ್ಡಿನದ್ದೇ ಆದರೂ ಅಷ್ಟೊಂದು ಹಾಲಿಗೆ ಬೀಳುವುದು ಚಿಟಿಕೆ ಲೆಕ್ಕದ ಪುಡಿ. ಅಂಥ ಚೀಸನ್ನು ಪರೀಕ್ಷಿಸಿದಾಗಲೂ ಗ್ಲುಟೆನ್ ಅಳತೆಗೆ ಸಿಕ್ಕಿಲ್ಲ. ‘ಗ್ಲುಟೆನ್ ಮುಕ್ತ’ ಎಂದು ಬರೆಯಲು ನಮ್ಮಲ್ಲಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ.

ಗಟ್ಟಿ ತುಂಡನ್ನೇ ಕೊಳ್ಳಿ. ಬ್ಲೂ ಚೀಸ್ ಡ್ರೆಸ್ಸಿಂಗ್, ಸಾಸ್ ಬೇರೆ ಲೆಕ್ಕ: ಮಂದ ಬರಲು ಮೈದಾ ಸೇರಿರಬಹುದು, ಹುಳಿಗೆ ಬಾರ್ಲಿಯಿಂದ ಮಾಡಿದ ಮಾಲ್ಟ್ ವಿನೆಗರ್ ಇರಬಹುದು. ಅಂಗಡಿಯವರು ಕಣ್ಣೆದುರೇ ಕತ್ತರಿಸಿ ಕೊಡುವುದಾದರೆ ಚಾಕು, ಹಲಗೆಯ ಕಡೆ ಕಣ್ಣಿರಲಿ. ಪಾವ್ ಕೊಯ್ದ ಚಾಕುವಿಗೆ ಅಂಟಿದ ಪುಡಿ ಚೀಸಿನ ಬೂಷ್ಟಿಗಿಂತ ಅಪಾಯ. ಮನೆಯಲ್ಲೂ ಮಗಳ ತುಂಡನ್ನು ಮೊದಲೇ ತೆಗೆದು ಬೇರೆ ಡಬ್ಬಿಗೆ ಹಾಕಿಬಿಡಿ. ಬಟರ್ ಪೇಪರಿನಲ್ಲಿ ಸುತ್ತಿ 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿಡಿ. ಮಳೆಗಾಲದಲ್ಲಿ ದಿನವಿಡೀ ಕರೆಂಟ್ ಇಲ್ಲದೆ ಮೆತ್ತಗಾಗಿದ್ದರೆ, ಕೆಂಪು ಅಥವಾ ಕಪ್ಪು ಬೂಷ್ಟು ಕಂಡರೆ ಎಸೆಯಿರಿ. ಬಸುರಿಯರಿಗಂತೂ ಮೆತ್ತನೆಯ ಬ್ಲೂ ಚೀಸ್ ಬೇಡ, ಲಿಸ್ಟೀರಿಯಾ ಬ್ಯಾಕ್ಟೀರಿಯಾದ ಭಯವಿದೆ. ಕ್ರ್ಯಾಕರ್ ಬದಲು ತೆಳ್ಳೇವಿಗೆ (ಅಕ್ಕಿಯ ತೆಳು ದೋಸೆ) ಚೂರು ಚೀಸ್, ಮೇಲೆ ಎರಡು ಹನಿ ಜೇನುತುಪ್ಪ ಹಾಕಿ ಕೊಡಿ. ಉಪ್ಪು ಜಾಸ್ತಿ, ಚೂರೇ ಸಾಕು.

ನಮಗೆ ಹೆಚ್ಚು ಚಿಂತೆ ಇಂಗಿನ ಡಬ್ಬಿಯದು. ಶಿರಸಿ ಕಡೆಯ ಅಪ್ಪೆಹುಳಿಗೆ ಇಂಗಿನ ಒಗ್ಗರಣೆ ಇಲ್ಲದಿದ್ದರೆ ನಡೆಯುವುದಿಲ್ಲ, ಹಪ್ಪಳ ಉಪ್ಪಿನಕಾಯಿಗೂ ಅದೇ ಬೇಕು. ಅಂಗಡಿಯ ಇಂಗು ಹೆಚ್ಚಾಗಿ ಕೂಡಿಸಿದ ಇಂಗು: ಇಂಗಿನ ಜೊತೆಗೆ ಗೋಂದು, ಮೈದಾ ಇಲ್ಲವೇ ಅಕ್ಕಿಹಿಟ್ಟು. ಡಬ್ಬಿಯ ಸಣ್ಣಕ್ಷರದಲ್ಲಿ ‘ಗೋಧಿ ಹಿಟ್ಟು’ ಎಂದಿದ್ದರೆ ಪಕ್ಕಕ್ಕಿಡಿ, ಅಕ್ಕಿಹಿಟ್ಟಿನದ್ದು ಹುಡುಕಿ. ಬರೀ ‘ಖಾದ್ಯ ಪಿಷ್ಟ’ ಎಂದಿದ್ದರೆ ಅದು ಯಾವುದರದ್ದು ಎಂದು ಕಂಪನಿಗೆ ಕೇಳಿ. ಗಟ್ಟಿ ಇಂಗೆಲ್ಲ ಶುದ್ಧವೆಂದು ನಂಬಬೇಡಿ, ಅದರಲ್ಲೂ ಹಿಟ್ಟಿರಬಹುದು. ಅಯೋಡಿನ್ ಹನಿ ಹಾಕಿ ನೋಡುವವರಿದ್ದಾರೆ. ಅದು ಪಿಷ್ಟ ಇದ್ದರೆ ನೀಲಿಯಾಗುತ್ತದೆ, ಅಷ್ಟೆ; ಗೋಧಿಯದೋ ಅಕ್ಕಿಯದೋ ಹೇಳದು.

ಹೋಟೆಲಿನಲ್ಲಿ ಮೀನು ಹೇಳುವಾಗ ‘ರವಾ ಫ್ರೈ ಬೇಡ, ಮಸಾಲೆಯದು ಕೊಡಿ’ ಎಂದರೂ ಸಾಲದು. ಎರಡೂ ಬೇಯುವುದು ಹೆಚ್ಚಾಗಿ ಒಂದೇ ಕಾವಲಿಯಲ್ಲಿ, ಒಂದೇ ಎಣ್ಣೆಯಲ್ಲಿ. ಬೇರೆ ಕಾವಲಿ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಮಗಳಿಗೆ ಫ್ರೈ ಬೇಡ. ಸಾರು ಕೊಡಿಸುವುದಾದರೂ ಇಂಗು ಹಾಕಿದ್ದಾರೆಯೇ ಎಂದು ಕೇಳಿಯೇ ಕೊಡಿಸಿ.